ಚೇತನಾ ಕೇಳದ ಪ್ರಶ್ನೆ

ಚೇತನಾ ರಜೆಗೆ ಇಳಕಲ್ಲಿಗೆ ಬಂದ ಮರುದಿನವೇ ಮನೆಯ ಕಟ್ಟೆಯ ಮೇಲೆ ಫಿರ್ಯಾದಿಗಳು ಕೂತರು. ಮೊದಲು ಬಂದವನು ಎದುರು ಮನೆಯ ಮಲೀಕಸಾಬ. ಅವನ ಮೋಟರ್‌ಸೈಕಲ್ ಬಸ್‌ಸ್ಟ್ಯಾಂಡಿನಿಂದ ಕಳುವಾಗಿ ತಿಂಗಳಾಗಿತ್ತು. ಅವನ ಹಿಂದೆ ಗ್ರಾನೈಟ್ ಪಾಲಿಶ್ ಧೂಳು ತಿಂದು ಬೇಸತ್ತ ಓಣಿಯವರು, ಅವರ ಹಿಂದೆ ಕುಡುಕ ಗಂಡನನ್ನು ಎರಡೇ ಎರಡು ದಿನ ಒಳಗೆ ಹಾಕಿಸಬೇಕೆಂದು ಗುಡೂರಿನಿಂದ ಬಸ್ಸು ಹಿಡಿದು ಬಂದ ಒಬ್ಬ ಹೆಂಗಸು. ಚೇತನಾ ಎಲ್ಲರಿಗೂ ಚಹಾ ಕೊಟ್ಟು ಒಂದೇ ಮಾತು ಹೇಳಿದಳು: ತಾನು ಮಿಲಿಟರಿ ಪೊಲೀಸು, ತನ್ನ ಅಧಿಕಾರ ನಡೆಯುವುದು ಸೈನಿಕರ ಮೇಲೆ ಮಾತ್ರ, ಊರಿನ ಇರುವೆಯನ್ನೂ ತಾನು ಹಿಡಿಯುವಂತಿಲ್ಲ. ಜನ ನಂಬಲಿಲ್ಲ. ನಂಬಿದವರು ಚಹಾ ಅರ್ಧಕ್ಕೇ ಬಿಟ್ಟು ಎದ್ದರು. ತಾಯಿ ಶೇಖವ್ವನಿಗಂತೂ ಅವಮಾನವೇ ಆಯಿತು. ಮಗಳು ಪೊಲೀಸೆಂದು ಹೇಳಿಕೊಂಡೇ ಆಕೆ ನಾಲ್ಕು ವರ್ಷದಿಂದ ನಳದ ಪಾಳಿಯಲ್ಲಿ ಮೊದಲು ನಿಲ್ಲುತ್ತಿದ್ದಳು.

ಇಡೀ ಓಣಿಯಲ್ಲಿ ಚೇತನಾಳ ಕಾನೂನು ತಟ್ಟುವಂಥ ಮನುಷ್ಯ ಒಬ್ಬನೇ ಇದ್ದ, ಅವಳ ಅಣ್ಣ ಮಲ್ಲು. ತೋಪಖಾನೆಯ ಸಿಪಾಯಿ. ಅವಳಿಗಿಂತ ಮೊದಲೇ ರಜೆಗೆ ಬಂದವನು ಅಪ್ಪನ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿಕೊಡುತ್ತ ಕೂತಿದ್ದ. ಸಾಹೇಬರು ರಜೆ ಬೆಳೆಸಿದ್ದಾರೆ ಎಂದಿದ್ದ. ಮನೆಯವರು ಖುಷಿಪಟ್ಟಿದ್ದರು.

ಮೂರನೆಯ ದಿನ ಬಟ್ಟೆ ಒಗೆಯುವಾಗ ಶೇಖವ್ವ ಮಲ್ಲುವಿನ ಅಂಗಿಯ ಕಿಸೆಯಿಂದ ಒಂದು ಚೀಟಿ ತೆಗೆದು, ಬೇಕಾದದ್ದೋ ಬ್ಯಾಡಾದದ್ದೋ ನೋಡೆಂದು ಮಗಳಿಗೆ ಕೊಟ್ಟಳು. ಅದು ರಜೆ ಚೀಟಿ. ರೈಲು ನಿಲ್ದಾಣದ ಡ್ಯೂಟಿಯಲ್ಲಿ ದಿನಕ್ಕೆ ನೂರು ಅಂಥ ಚೀಟಿ ಓದುವ ಕಣ್ಣು ಚೇತನಾಳದು. ಮಲ್ಲುವಿನ ರಜೆ ಮುಗಿದು ಒಂಬತ್ತು ದಿನವಾಗಿತ್ತು. ಬೆಳೆಸಿದ ಗುರುತು ಎಲ್ಲೂ ಇರಲಿಲ್ಲ. ಬೇಕಾದದ್ದೇ ಎಂದು ಹೇಳಿ ಚೀಟಿಯನ್ನು ಒಣಗಲು ಬಿಸಿಲಿಗೆ ಹಾಕಿದಳು.

ರಜೆ ಮೀರಿ ಕೂತರೆ ಅದು ಸಣ್ಣ ತಪ್ಪು, ಶಿಕ್ಷೆಯೂ ಸಣ್ಣದು. ತಿರುಗಿ ಹೋಗುವುದೇ ಇಲ್ಲ ಎಂದರೆ ಪಲಾಯನ, ಅದಕ್ಕೆ ಜೈಲು. ಪಲಾಯನದ ಸುದ್ದಿ ಗೊತ್ತಿದ್ದೂ ಮೇಲಿನವರಿಗೆ ತಿಳಿಸದ ಸೈನಿಕನೂ ಅಪರಾಧಿಯೇ. ಹಾಗಾಗಿ ‘ನೀ ತಿರುಗಿ ಹೋಗ್ತಿಯೋ ಇಲ್ಲೋ’ ಎಂಬ ಪ್ರಶ್ನೆಯನ್ನು ಚೇತನಾ ಕೇಳುವಂತಿರಲಿಲ್ಲ. ಕೇಳಿದರೆ ಉತ್ತರ ಬರುತ್ತದೆ. ಅಣ್ಣ ತಂಗಿ ನಾಲ್ಕು ದಿನ ಒಟ್ಟಿಗೆ ಉಂಡರು, ಮೆಣಸಿನಕಾಯಿ ಎಷ್ಟು ಖಾರ ಎಂಬುದರ ಬಗ್ಗೆ ವಿವರವಾಗಿ ಮಾತಾಡಿದರು. ಖರೆ ಹೇಳಬೇಕೆಂದರೆ, ಮಿಲಿಟರಿ ಪೊಲೀಸಿನವಳಾಗಿ ಆ ಚೀಟಿ ಕಂಡ ದಿನವೇ ಅವಳು ಮೇಲಿನವರಿಗೆ ಫೋನು ಮಾಡಬೇಕಿತ್ತು. ಬೇರೆಯವನಾಗಿದ್ದರೆ ಮಾಡುತ್ತಿದ್ದಳು. ಅಣ್ಣನಾದ್ದರಿಂದ ಮಾಡಲಿಲ್ಲ, ಆ ಸಂಕಟಕ್ಕೆ ರಾತ್ರಿಯ ನಿದ್ದೆಯೂ ಹೋಯಿತು.

ಈ ಎಲ್ಲದರ ನಡುವೆ ಅಪ್ಪ ಚಂದ್ರಶೇಖರಪ್ಪ ತನ್ನ ಪಾಡಿಗೆ ನೇಯುತ್ತಿದ್ದ. ಸೀರೆಯಲ್ಲಿ ಎಲ್ಲಾದರೂ ಎಳೆ ತಪ್ಪಿದರೆ, ಆ ಜಾಗದ ಅಂಚಿಗೆ ತಾನೇ ಒಂದು ಕೆಂಪು ನೂಲು ಕಟ್ಟಿ ಸಾವಕಾರನಿಗೆ ಒಪ್ಪಿಸುವ ಚಟ ಆತನದು. ಉಳಿದ ನೇಕಾರರು ನಗುತ್ತಿದ್ದರು. ನಾ ತೋರಿಸಿದ್ರ ತಪ್ಪು, ಅವ್ರು ಹುಡುಕಿದ್ರ ಕಳವು, ಎಂದು ಆತ ಮತ್ತೆ ಕಾಲು ಮಣೆಗೆ ಕಾಲು ಕೊಡುತ್ತಿದ್ದ.

ಏಳನೆಯ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಶೇಖವ್ವ ಮಗನನ್ನು ನೇರವಾಗಿ ಕೇಳಿಯೇಬಿಟ್ಟಳು. ದಾರಿ ಬುತ್ತಿಗೆ ಶೇಂಗಾ ಹೋಳಿಗೆ ಮಾಡಬೇಕು, ಹೊರಡುವ ದಿನ ಯಾವುದು? ಮಲ್ಲು ರೊಟ್ಟಿ ಕೆಳಗಿಟ್ಟು ಬಾಯಿ ತೆರೆದ.

“ಹೇಳಬ್ಯಾಡ,” ಎಂದಳು ಚೇತನಾ.

ಶೇಖವ್ವ ಇಬ್ಬರ ಮುಖ ನೋಡಿದಳು. ಹೋಳಿಗೆಯ ದಿನ ಕೇಳಿದರೂ ತಪ್ಪಾಗುವ ನೌಕರಿ ಇದೆಂಥದೆಂದು ಗೊಣಗುತ್ತ ಒಳಗೆ ಹೋದಳು. ಮಲ್ಲು ತಂಗಿಯನ್ನೇ ದಿಟ್ಟಿಸಿದ. ಇವಳಿಗೆ ಗೊತ್ತಿದೆ ಎಂಬುದು ಆಗ ಅವನಿಗೆ ಗೊತ್ತಾಯಿತು. ಮುಚ್ಚಿಡುವುದು ಇನ್ನೇನೂ ಉಳಿಯಲಿಲ್ಲವಾದ್ದರಿಂದ, ನಡೆದದ್ದನ್ನು ಕೆಳಗೆ ನೋಡುತ್ತಲೇ ಹೇಳಿದ. ಊರಿಗೆ ಬರುವಾಗ ಉತ್ತರದ ಒಂದು ದೊಡ್ಡ ಸ್ಟೇಷನ್ನಿನಲ್ಲಿ ಅವನ ಅಂಗಿಯ ಮೇಲಿನ ಗುಂಡಿ ಬಿಚ್ಚಿತ್ತಂತೆ. ಅದಕ್ಕೊಬ್ಬ ಮಿಲಿಟರಿ ಪೊಲೀಸಿನವನು ಪ್ಲಾಟ್‌ಫಾರ್ಮಿನ ಜನರೆದುರು ಅವನ ಕಪಾಳಕ್ಕೆ ಎರಡು ಬಿಗಿದಿದ್ದ. ಅವನ ಕಂಪನಿಯ ಹುಡುಗರು ನೋಡುತ್ತ ನಿಂತಿದ್ದರು. ಗಡಿಯಲ್ಲಿ ಗುಂಡಿಗೆ ಹೆದರಲಿಲ್ಲ, ಈಗ ಆ ಹುಡುಗರ ಮುಖಕ್ಕೆ ಹೆದರುತ್ತೇನೆ ಎಂದ.

“ಅವನ ಟೊಪಗಿನೂ ಕೆಂಪ ಇತ್ತು. ನಿನ್ನ ಟೊಪಗಿ ಬಣ್ಣ,” ಎಂದ.

ಚೇತನಾಳಿಗೆ ತಾನೇ ಹೊಡೆದಷ್ಟು ನಾಚಿಕೆಯಾಯಿತು. ಆಮೇಲೆ ಸಿಟ್ಟು ಬಂತು, ಆ ಸಿಟ್ಟು ಅವಳ ಕೆಲಸಕ್ಕೆ ಬಂತು.

“ಹಿಡಿಯೂ ಅಧಿಕಾರ ಅವಂಗಿತ್ತು. ಹೊಡಿಯೂದು ಇರಲಿಲ್ಲ. ಅದು ನಮ್ಮೊಳಗ ಯಾರಿಗೂ ಇಲ್ಲ. ನೀ ಅರ್ಜಿ ಬರಿ.”

“ಬರದ್ರ ಆತೇನು?”

“ಗೈರುಹಾಜರಿ ಇದ್ದಾವನ ಅರ್ಜಿ ಯಾರೂ ಓದೂದಿಲ್ಲ. ಮೊದಲ ಹಾಜರಾಗು.”

ಮಲ್ಲು ಕೆಳಗಿಟ್ಟ ರೊಟ್ಟಿಯನ್ನು ಎತ್ತಿಕೊಂಡು ತಿಂದು ಮುಗಿಸಿದ. ಹೋಗುವುದಿಲ್ಲ ಎಂದು ಹೇಳಿದ್ದರೆ ಅವಳು ಅಲ್ಲೇ ಫೋನು ಎತ್ತಬೇಕಿತ್ತು. ಅದು ಇಬ್ಬರಿಗೂ ಗೊತ್ತಿತ್ತು. ಕಡೆಗೆ ಅವನು ಕೈ ತೊಳೆದು, ಹೋಳಿಗೆ ನಾಳೆಗೇ ಮಾಡಲಿ ಎಂದು ಅವ್ವನಿಗೆ ಕೂಗಿ ಹೇಳಿದ.

ಮರುದಿನ ಇಬ್ಬರೂ ಬಸ್ಸಿನಲ್ಲಿ ಬಾದಾಮಿಗೆ ಹೋಗಿ ರೈಲು ಹತ್ತಿದರು. ಮಿಲಿಟರಿ ಪೊಲೀಸ್ ಚೌಕಿ ಇದ್ದ ಮೊದಲ ಸ್ಟೇಷನ್ನಿನಲ್ಲಿ ಇಳಿದರು. ಅಲ್ಲಿನ ಸುಬೇದಾರ ಒಳ್ಳೆಯ ಮನುಷ್ಯ. ತಾನೇ ಬಂದು ಹಾಜರಾದನೆಂದು ಬರೆದುಕೊಂಡ, ಕಪಾಳದ ಅರ್ಜಿಯನ್ನು ಪೂರ್ತಿ ಓದಿ ಮೊಹರು ಹಾಕಿದ. ಆಮೇಲೆ ಚೇತನಾಳ ತೋಳಿನ ಮೇಲಿನ ಬಡ್ತಿಯ ಒಂದು ಪಟ್ಟಿಯನ್ನು ನೋಡಿ, ಅವಳ ಹೇಳಿಕೆಗೆ ಕಾಗದ ಕೊಡುತ್ತ, ನಿನಗೆ ಇಂದು ಬೆಳಿಗ್ಗೆಯಷ್ಟೇ ಗೊತ್ತಾಗಿರಬೇಕಲ್ಲವೇ ಎಂದು ತಾನೇ ಉತ್ತರ ಹೇಳಿಕೊಟ್ಟ. ಹಾಗೆ ಬರೆದಿದ್ದರೆ ಕೇಳುವವರು ಯಾರೂ ಇರಲಿಲ್ಲ.

ಚೇತನಾಳಿಗೆ ಅಪ್ಪನ ಕೆಂಪು ನೂಲು ನೆನಪಾಯಿತು. ಐದು ದಿನದ ಹಿಂದೆಯೇ ಗೊತ್ತಿತ್ತು, ತಿಳಿಸಲಿಲ್ಲ, ಎಂದು ಬರೆದು ಸಹಿ ಹಾಕಿದಳು. ಸುಬೇದಾರ ಪೆನ್ನಿನ ಟೊಪ್ಪಿ ಮುಚ್ಚಿ ನಿಟ್ಟುಸಿರುಬಿಟ್ಟ. ಮಲ್ಲು ಅವಳ ಕಡೆ ನೋಡಿದ, ತನ್ನ ಪಾಲಿನ ಹೋಳಿಗೆಯ ಡಬ್ಬಿಯನ್ನು ಅವಳ ಚೀಲಕ್ಕೆ ಹಾಕಿದ.

ಮಲ್ಲುವಿಗೆ ಸೈನ್ಯದ ಸೆರೆಕೋಣೆಯಲ್ಲಿ ಹದಿನಾಲ್ಕು ದಿನದ ವಾಸವಾಯಿತು. ಚೇತನಾಳ ತೋಳಿನ ಪಟ್ಟಿ ಹೋಯಿತು. ಇಬ್ಬರೂ ಫೋನಿನಲ್ಲಿ ಅವ್ವನಿಗೆ ಆರಾಮಿದ್ದೇವೆ ಎಂದರು, ಆಮೇಲೆ ಇದನ್ನೂ ಹೇಳಿದರು.

ತಿಂಗಳಾದ ಮೇಲೆ ನಳದ ಪಾಳಿಯಲ್ಲಿ ಮಲೀಕಸಾಬ ಕೊಡ ಹಿಡಿದು ನಿಂತಿದ್ದ. ಮೋಟರ್‌ಸೈಕಲ್ ಇನ್ನೂ ಸಿಕ್ಕಿರಲಿಲ್ಲ. ನಿಮ್ಮ ಪೊಲೀಸು ಮಗಳು ಇಷ್ಟು ವರ್ಷದಾಗ ಯಾರನ್ನಾದರೂ ಹಿಡಿದಿದ್ದಾಳೋ ಇಲ್ಲವೋ ಎಂದು ಕೇಳಿದ. ಶೇಖವ್ವ ಈಗ ಕಡೆಗೆ ನಿಲ್ಲುತ್ತಿದ್ದಳು, ಯಾರೂ ಹೇಳದಿದ್ದರೂ.

“ಇಬ್ಬರನ್ನ ಹಿಡದಾಳ,” ಎಂದಳು. “ಇಬ್ಬರೂ ನನ್ನ ಹೊಟ್ಟ್ಯಾಗ ಹುಟ್ಟಿದವ್ರು.”

“ಮತ್ತ ಮಲ್ಲೂನ್ನ ಹೊಡದಾವ?” ಕಪಾಳದ ಸುದ್ದಿ ಓಣಿಗೆಲ್ಲ ಗೊತ್ತಾಗಿತ್ತು.

ಶೇಖವ್ವ ಕೊಡವನ್ನು ಒಂದು ಹೆಜ್ಜೆ ಮುಂದೆ ಸರಿಸಿದಳು.

“ಅವಂದು ವಿಚಾರಣೆ ನಡದೈತಂತ. ತಡ ಆಗ್ತೈತಿ. ಅವಾ ನಮ್ಮ ಮನಿಯಾವ ಅಲ್ಲಲ್ಲ.”