ಸದ್ದು ಮಾಡದ ಊರು

ಧನುಶ್ರೀ ಬಿಡದಿಯ ಕಡೆ ಒಂದು ಬಣ್ಣದ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತ, ಮನೆಯಲ್ಲೇ ಕೂತು ಆನ್‌ಲೈನಿನಲ್ಲಿ ಕೆಮಿಕಲ್ ಇಂಜಿನಿಯರಿಂಗಿನ ಎಂ.ಟೆಕ್ ಓದುತ್ತಿದ್ದಳು. ಥರ್ಮೋಡೈನಾಮಿಕ್ಸ್ ಒಂದು ಬಿಟ್ಟು ಎಲ್ಲ ಪೇಪರುಗಳೂ ಪಾಸಾಗಿದ್ದವು. ಅದು ಒಮ್ಮೆ ಫೇಲಾಗಿತ್ತು. ಈ ಸಲವೂ ಹೋದರೆ ಓದೇ ರದ್ದು.

“ಬಿಸ್ನೀರು ತಣ್ಣಗಾಯ್ತದೆ ಅನ್ನೋದ್ನ ಎಷ್ಟು ಕಿತ ಓದೀಯವ್ವ?” ಎಂದು ಅವಳಪ್ಪ ದಾಸಪ್ಪ ಕೇಳುತ್ತಿದ್ದ.

“ಎಲ್ಲೀಗಂಟ ತಣ್ಣಗಾಯ್ತದೆ ಅಂತ ಲೆಕ್ಕ ಹಾಕ್ಬೇಕು ಕಣಪ್ಪ.”

“ನಿಮ್ಮವ್ವ ಬೆರಳು ಅದ್ದಿ ಹೇಳ್ತಾಳೆ.”

ಪರೀಕ್ಷೆಯೂ ಮನೆಯಲ್ಲೇ. ಎಲ್ಲೋ ಕೂತ ಮೇಲ್ವಿಚಾರಕನೊಬ್ಬ ಕ್ಯಾಮೆರಾದಲ್ಲಿ ನೋಡುತ್ತಿರುತ್ತಾನೆ. ಬೇರೆಯವರ ಮಾತು ಕೇಳಿಸಿದರೆ ಎಚ್ಚರಿಕೆ. ಮೂರನೆಯ ಎಚ್ಚರಿಕೆಗೆ ಪರೀಕ್ಷೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಮಗಳು ಇಷ್ಟು ಬಿಡಿಸಿ ಹೇಳಿದ್ದರಲ್ಲಿ ದಾಸಪ್ಪನ ತಲೆಯಲ್ಲಿ ಉಳಿದದ್ದು ಒಂದೇ: ಸದ್ದಾಗಬಾರದು. ಊರಿನ ಮನೆಮನೆಗೂ ಹೋಗಿ ಕೈಮುಗಿದು ಬಂದ.

ವಿರೂಪಾಕ್ಷಿಪುರದ ಪಕ್ಕದ ಈ ಊರಿನವರು ಒಳ್ಳೆಯವರು, ಆದರೆ ಒಬ್ಬರನ್ನೊಬ್ಬರು ನಂಬುವವರಲ್ಲ. ತಾವು ಮನೆಯಲ್ಲಿ ಸುಮ್ಮನಿದ್ದು, ಆಚೆಮನೆಯವರು ಮಿಕ್ಸಿ ಹಾಕಿಬಿಟ್ಟರೆ? ಪರೀಕ್ಷೆಯ ದಿನ ಬೆಳಿಗ್ಗೆ ಎಲ್ಲರೂ ಬಂದು ದಾಸಪ್ಪನ ಮನೆ ಮುಂದೆಯೇ ಕೂತರು. ಹಾಗಾದರೆ ಎಲ್ಲರ ಬಾಯಿಯೂ ಎಲ್ಲರ ಕಣ್ಣೆದುರು. ಹಸುಗಳು ಅರಚಬಾರದೆಂದು ದಾಸಪ್ಪ ಅವನ್ನು ಕೆರೆಯ ಕಡೆ ಹೊಡೆದುಕೊಂಡು ಹೋದ.

ಆ ದಾರಿಯಲ್ಲಿ ಬಸ್ಸಿನಲ್ಲಿ ಹೋದ ಯಾರೋ ಪುಣ್ಯಾತ್ಮರು ಇದನ್ನು ಕಂಡು ದೊಡ್ಡಮಳೂರಿನ ಯಲ್ಲಮ್ಮನಿಗೆ ಫೋನು ಮಾಡಿದರು. “ನಿಮ್ಮಣ್ಣನ ಮನೆ ಮುಂದೆ ಊರಿಗೂರೇ ಕುಂತೈತೆ. ಯಾರೂ ತುಟಿ ಬಿಚ್ತಿಲ್ಲ.”

ಸದ್ದಿಲ್ಲದೆ ಊರೆಲ್ಲ ಒಂದು ಮನೆ ಮುಂದೆ ಕೂರುವುದು ನಮ್ಮ ಕಡೆ ಒಂದೇ ಕಾರಣಕ್ಕೆ.

ಯಲ್ಲಮ್ಮ ದಾಸಪ್ಪನ ತಂಗಿ. ಧನುಶ್ರೀಯನ್ನು ತನ್ನ ಮಗ ಜಯಕುಮಾರನಿಗೆ ಕೇಳಿದಾಗ ಅಣ್ಣ “ಓದು ಮುಗೀಲಿ” ಎಂದನೆಂದು ಮುನಿಸಿಕೊಂಡು, ಗೌರಿ ಹಬ್ಬಕ್ಕೆ ಅವನು ಕೊಟ್ಟು ಕಳಿಸಿದ ಬಾಗಿನವನ್ನೂ ಹಿಂದಕ್ಕೆ ಕಳಿಸಿದ್ದಳು. ಆಮೇಲೆ ಮಾತಿಲ್ಲ. ಈಗ ಆಟೋ ನಿಲ್ಲುವ ಮೊದಲೇ ಇಳಿದಳು. ಕೂತ ಜನರಲ್ಲಿ ಅಣ್ಣ ಕಾಣಲಿಲ್ಲ.

“ಅಯ್ಯೋ ನನ್ನಣ್ಣಯ್ಯಾ! ನಿನ್ ಬಾಗ್ನ ಒದ್ದವಳು ನಾನು ಕಣೋ!”

ಊರೆಲ್ಲ ಗಾಬರಿಯಿಂದ ಬಾಯಿಗೆ ಕೈ ಇಟ್ಟಿತು. ಕೆಲವರು ಬೇಡ ಬೇಡವೆಂದು ತಲೆ ಅಲ್ಲಾಡಿಸಿದರು. ಯಲ್ಲಮ್ಮನಿಗೆ ಉಳಿದ ಅನುಮಾನವೂ ಹೋಯಿತು. ದಾಸಪ್ಪನ ಹೆಂಡತಿ ಮುನಿಯಮ್ಮ ಓಡಿಬಂದು, “ಏನೂ ಆಗಿಲ್ಲ, ಸುಮ್ಕಿರವ್ವ” ಎಂದು ಪಿಸುಗುಟ್ಟಿದಳು. ಸಾವಿನ ಮನೆಯಲ್ಲಿ ಎಲ್ಲರೂ ಹೇಳುವ ಮಾತೂ ಅದೇ.

“ಎಂಗ್ ಸುಮ್ಕಿರ್ಲಿ ಅತ್ತಿಗೇ!” ಯಲ್ಲಮ್ಮ ಅವಳ ಕುತ್ತಿಗೆಗೆ ಜೋತುಬಿದ್ದಳು. “ಮಗಿ ಓದ್ಕಳ್ಳಿ ಬುಡು ಅನ್ನಕ್ಕೆ ನನ್ ನಾಲ್ಗೆಗೇನಾಗಿತ್ತೋ ಅಣ್ಣಯ್ಯಾ!”

ಮೊದಲ ಕೂಗಿಗೇ ಒಂದು ಎಚ್ಚರಿಕೆ ಆಗಿತ್ತು. ಈಗ ಒಳಗೆ ಪರದೆಯ ಮೇಲೆ ಎರಡನೆಯದೂ ಬಂತು. ಧನುಶ್ರೀ ಆಗ ಫ್ಯುಗಾಸಿಟಿಯ ಪ್ರಶ್ನೆಯಲ್ಲಿ ಸಿಕ್ಕಿಕೊಂಡಿದ್ದಳು. ದ್ರವದಲ್ಲಿರುವ ವಸ್ತುವಿಗೆ ಅಲ್ಲಿಂದ ತಪ್ಪಿಸಿಕೊಳ್ಳುವ ತವಕ ಎಷ್ಟು ಎಂಬ ಲೆಕ್ಕ ಅದು. ಹೋದ ಸಲ ಮುಳುಗಿಸಿದ್ದೂ ಅದೇ. ಎಚ್ಚರಿಕೆಯ ಕೆಳಗೆ ಮೇಲ್ವಿಚಾರಕನ ಸಂದೇಶ: “ನಿಮ್ಮ ಮನೆಯಲ್ಲಿ ಸಾವಾದಂತಿದೆ. ಸಂತಾಪಗಳು. ಹೌದು ಎಂದು ತಿಳಿಸಿದರೆ ಬೇರೆ ದಿನ ಪರೀಕ್ಷೆ ಕೊಡಲು ಅವಕಾಶವಿದೆ.”

ಹೌದು ಎಂದರೆ ಓದಿಕೊಳ್ಳಲು ಇನ್ನಷ್ಟು ದಿನ. ಆದರೆ ಅಪ್ಪನನ್ನು ಕೊಂದಂತೆ. ಅವಳು ಒಂದು ಗಳಿಗೆ ಯೋಚಿಸಿದಳು ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಲೆಕ್ಕ ಅಷ್ಟು ಕಷ್ಟವಿತ್ತು. ಆಮೇಲೆ ಟೈಪು ಮಾಡಿದಳು: “ಯಾರೂ ಸತ್ತಿಲ್ಲ. ನಮ್ಮತ್ತೆ ಬಂದಿದ್ದಾರೆ.”

“ಹಾಗಾದರೆ ನಿಮಗೆ ಉಳಿದಿರುವುದು ಒಂದೇ ಎಚ್ಚರಿಕೆ.”

ಹೊರಗೆ ಯಲ್ಲಮ್ಮ ಮುಂದಿನ ಸುತ್ತಿಗೆ ಉಸಿರು ಎಳೆದುಕೊಂಡಳು. ಅಷ್ಟರಲ್ಲಿ ಜನರ ನಡುವೆ ದಾರಿಯಾಯಿತು. ಅಳುವ ಸದ್ದು ಕೇಳಿ ಹಸುಗಳನ್ನು ಹೊಡೆದುಕೊಂಡು ಓಡಿಬಂದಿದ್ದ ದಾಸಪ್ಪ, ತುಟಿಯ ಮೇಲೆ ಬೆರಳಿಟ್ಟುಕೊಂಡು ಎದುರು ನಿಂತಿದ್ದ.

ಯಲ್ಲಮ್ಮ ಎಳೆದುಕೊಂಡ ಉಸಿರು ಹಾಗೇ ಉಳಿಯಿತು. ತೆರೆದ ಬಾಯಿ ತೆರೆದಂತೆಯೇ ಕುಸಿದು ಕೂತಳು.

ಅದೇ ಹೊತ್ತಿಗೆ ಒಂದು ಹಸು ಬಾಗಿಲಿಗೆ ಬಂದು “ಅಂಬಾ” ಎಂದಿತು. ಊರೇ ತಲೆಮೇಲೆ ಕೈ ಹೊತ್ತುಕೊಂಡಿತು. ಒಳಗೆ ಏನೂ ಆಗಲಿಲ್ಲ. ಎಚ್ಚರಿಕೆ ಕೊಡುವ ಯಂತ್ರಕ್ಕೆ ಬೇಕಾದದ್ದು ಮನುಷ್ಯರ ಮಾತು ಮಾತ್ರ. ಹಸುವಿನ ಗೊಡವೆ ಅದಕ್ಕೆ ಇರಲೇ ಇಲ್ಲ. ದಾಸಪ್ಪ ಕೆರೆಗೆ ಹೋಗದೆ ಜಗಲಿಯ ಮೇಲೆ ಕೂತಿದ್ದರೆ ಸಾಯುವ ಪ್ರಸಂಗವೇ ಬರುತ್ತಿರಲಿಲ್ಲ.

ಧನುಶ್ರೀ ಪರೀಕ್ಷೆ ಮುಗಿಸಿ ಬಾಗಿಲು ತೆರೆದು “ಆಯ್ತು” ಎಂದಳು. ತಡೆದಿಟ್ಟಿದ್ದ ಮಾತನ್ನೆಲ್ಲ ಊರು ಒಟ್ಟಿಗೇ ಆಡಿತು. ಯಲ್ಲಮ್ಮ ಮಾತ್ರ ಸೆರಗಿನಿಂದ ಮೂಗು ಒರೆಸುತ್ತ ಕೂತಿದ್ದಳು.

“ನೀನು ಸತ್ತಿಲ್ಲ ಅಂತ ಒಂದ್ ಮಾತು ಹೇಳಕ್ಕಾಯ್ತಿರ್ಲಿಲ್ವಾ?”

“ಸಾಯಾಗಂಟ ನೀನೆಲ್ಲಿ ಫೋನ್ ಎತ್ತಿದ್ದೆ?” ಎಂದ ದಾಸಪ್ಪ. “ಏಳು, ಉಣ್ಣು ಬಾ.”

ಫಲಿತಾಂಶ ಬಂತು. ಧನುಶ್ರೀ ಪಾಸು, ಅಂಚಿನಲ್ಲಿ. ಆ ವರ್ಷ ಗೌರಿ ಹಬ್ಬಕ್ಕೆ ದಾಸಪ್ಪನೇ ಬಾಗಿನ ಹೊತ್ತು ದೊಡ್ಡಮಳೂರಿಗೆ ಹೋದ. ಯಲ್ಲಮ್ಮ ತೆಗೆದುಕೊಂಡಳು.

“ಇನ್ನೇನಾದ್ರೂ ಪರೀಕ್ಷೆ ಇದ್ರೆ ಮೊದ್ಲೇ ಹೇಳು” ಎಂದಳು.

“ಹೇಳ್ತೀನಿ” ಎಂದ ದಾಸಪ್ಪ. “ನೀನು ಅವತ್ತು ಇಲ್ಲೇ ಇರು.”