ಮೂರಡಿಗೆ ಬಂಡೆ

ಹಾರೆ ಠಣ್ ಎಂದು ಪುಟ್ಟಣ್ಣನ ಕೈಯನ್ನೇ ನಡುಗಿಸಿತು. ಪಕ್ಕಕ್ಕೆ ಸರಿದು ಇನ್ನೊಮ್ಮೆ ಹಾಕಿದ. ಮತ್ತೆ ಅದೇ ಸದ್ದು. ಕುಂಬಾರಕೊಪ್ಪಲಿನ ರುದ್ರಭೂಮಿಯಲ್ಲಿ ಗುಂಡಿ ಇಳಿದದ್ದು ಮೂರೇ ಅಡಿ.

"ಬಂಡೆ ಕಣಮ್ಮ. ಕೂರ್ಸೋಕೆ ಆಳ ಸಾಲ್ದು. ಆ ಮೂಲೇಲಿ ಮೆತ್ತಗದೆ, ಅಲ್ಲೇ ತೋಡ್ಬುಡ್ಲಾ?"

ಶಿಲ್ಪಶ್ರೀ ಗೇಟಿನ ಕಡೆ ತಿರುಗಿ ನೋಡಿದಳು. ಅಪ್ಪ ಶಿವರುದ್ರಪ್ಪ ಕೊನೆಗೆ ಕೇಳಿಕೊಂಡದ್ದು ಎರಡೇ: ನಿಮ್ಮಮ್ಮನ ಬಲಕ್ಕೇ ನನ್ನನ್ನು ಕೂರಿಸಿ, ಗುಂಡಿ ತೋಡುವಾಗ ವಿಶ್ವನಾಥ್ ಸಾಹೇಬರು ಪಕ್ಕದಲ್ಲಿರಲಿ. ಮೊನೊರೈಲಿನ ಆ ಇಂಜಿನಿಯರ್ ಆಗಲೇ ಗೇಟಿನ ಬಳಿ ಬೂಟು ಬಿಚ್ಚುತ್ತಿದ್ದರು. ಈ ಬಂಡೆ ಯಾರ ಕಣ್ಣಿಗೆ ಬೀಳಬಾರದೋ, ಅವರೇ.

*

ಮೈಸೂರಿನ ನೆಲದೊಳಗಿನದೆಲ್ಲ ಶಿವರುದ್ರಪ್ಪನಿಗೆ ಅಂಗೈ ನೆಲ್ಲಿಕಾಯಿ. ಮೂವತ್ತು ವರ್ಷ ಬೋರಿಂಗ್ ಯಂತ್ರ ಹಿಡಿದು ಮಣ್ಣು ಪರೀಕ್ಷೆ ಮಾಡಿದವನು. ಮೊನೊರೈಲಿನ ಕಂಬ ಎಲ್ಲೆಲ್ಲಿ ನಿಲ್ಲಬಹುದೆಂದು ಯಾದವಗಿರಿಯಿಂದ ಇಲ್ಲಿಯವರೆಗೆ ಕೊರೆದವನೂ ಅವನೇ. ಮೇಲೆ ಬಂದ ಕಲ್ಲಿನ ತುಂಡನ್ನು ಒದ್ದೆ ಟವೆಲ್ಲಿನಲ್ಲಿ ಒರೆಸಿ, ಬಿಸಿಲಿಗೆ ಹಿಡಿದು ನೋಡಿ, ವಿಶ್ವನಾಥರ ಅಂಗೈಗೆ ಇಡುತ್ತಿದ್ದ. ಅವನು ಬರೆದರೆ ಮುಗಿಯಿತು, ಇನ್ನೊಮ್ಮೆ ಕೊರೆಯುವ ಮಾತೇ ಇರಲಿಲ್ಲ.

ಹೋದ ವರ್ಷ ಕೊರೆತ ರುದ್ರಭೂಮಿಯೊಳಕ್ಕೆ ಬಂತು. ಹೆಂಡತಿ ಬಸಮ್ಮನ ಸಮಾಧಿಯವರೆಗೂ ಮಣ್ಣು. ಅದರ ಬಲಕ್ಕೆ ಮೂರಡಿಗೇ ಗಟ್ಟಿ ಬಂಡೆ. ಕಂಬಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಬೇಕೆ? ಆದರೆ ಕಂಬ ಬಂದರೆ ಬಸಮ್ಮ ಸಮಾಧಿಯಿಂದ ಏಳಬೇಕು.

ಅವತ್ತು ಅಪ್ಪ ಊಟ ಮುಟ್ಟಲಿಲ್ಲ. "ಮೂವತ್ತಡಿ ಬರೀ ಮಣ್ಣು ಅಂತ ಬರ್ದ್ಬುಟ್ಟೆ ಮಗಾ," ಎಂದಷ್ಟೇ ಶಿಲ್ಪಶ್ರೀಗೆ ಹೇಳಿದ. ಕಂಬ ರಸ್ತೆಯಾಚೆ ಸರಿಯಿತು. ಗುಂಡಿ ತೋಡುವುದರ ಜೊತೆಗೆ ಪುಟ್ಟಣ್ಣ ಅಲ್ಲಿ ಇಟ್ಟುಕೊಂಡಿದ್ದ ಹೂವಿನಂಗಡಿಯ ಗೋಡೆಗೆ, ಕೆಡವಬೇಕೆಂದು ಕೆಂಪು ಗುರುತು ಬಿತ್ತು. ಪುಟ್ಟಣ್ಣ ತನ್ನ ಹಣೆಬರಹ ಎಂದುಕೊಂಡ. ಅಪ್ಪ ಮಾತ್ರ ಆ ಅಂಗಡಿಯ ಮುಂದೆ ಹಾಯದೆ ಸುತ್ತು ಬಳಸಿ ನಡೆಯತೊಡಗಿದ.

*

ಮೂಲೆಯಲ್ಲಿ ತೋಡಿ ಎಂದುಬಿಟ್ಟರೆ ಸಾಕಿತ್ತು. ಅಮ್ಮ ಅಮ್ಮನ ಜಾಗದಲ್ಲಿ, ಅಪ್ಪನ ಹೆಸರು ಅಪ್ಪನ ಹೆಸರಾಗಿಯೇ ಉಳಿಯುತ್ತಿತ್ತು. ಹೊತ್ತಾಯಿತೆಂದು ಕ್ರಿಯೆ ಮಾಡಿಸುವ ಅಯ್ಯನವರು ಅವಸರಪಡಿಸಿದರು. ಹೊತ್ತು ತಂದ ಬಿದಿರಿನ ವಿಮಾನದಲ್ಲಿ ಕೂತ ಅಪ್ಪ ಕತ್ತಿನವರೆಗೆ ಸೇವಂತಿಗೆಯಲ್ಲಿ ಮುಳುಗಿದ್ದ. ಅಷ್ಟೂ ಪುಟ್ಟಣ್ಣನ ಅಂಗಡಿಯದು. ಅಂಗಡಿ ಇನ್ನೆಷ್ಟು ದಿನವೋ, ಅಪ್ಪೋರಿಗೇ ಆಗಲಿ ಎಂದು ಬೆಳಿಗ್ಗೆ ತಂದು ಸುರಿದಿದ್ದ.

ಬಾಯಿ ತೆರೆದವಳು ತಡೆದಳು. ಇಲ್ಲಿ ಮೂರಡಿಗೆ ಬಂಡೆ ಇದೆಯೆಂದು ಭೂಮಿಯ ಮೇಲೆ ಯಾರಿಗಾದರೂ ಗೊತ್ತಿದ್ದರೆ ಅದು ಅಪ್ಪನಿಗೆ. ಗೊತ್ತಿದ್ದೂ ಇಲ್ಲೇ ತೋಡಿ ಎಂದಿದ್ದ, ಸಾಹೇಬರನ್ನೂ ಕರೆಸು ಎಂದಿದ್ದ. ಬದುಕಿದ್ದಾಗ ಆಡಲಾರದ ಮಾತನ್ನು ಗುಂಡಿಯ ಕೈಲಿ ಆಡಿಸಲು ಹೊರಟಿದ್ದ ಮಹರಾಯ. ಅವಳಿಗೆ ಅವನ ಮೇಲೆ ಸಿಟ್ಟೂ ಬಂತು, ಅಳುವೂ ಬಂತು.

"ಯಾಕೆ ನಿಲ್ಲಿಸಿದ್ರಿ?" ಎನ್ನುತ್ತಾ ವಿಶ್ವನಾಥ್ ಹತ್ತಿರ ಬಂದರು.

"ಇಲ್ಲೇ ತೋಡಿ ಪುಟ್ಟಣ್ಣ," ಎಂದಳು ಶಿಲ್ಪಶ್ರೀ. "ಅಪ್ಪ ಹೇಳಿದ್ದೂ ಇಲ್ಲೇ."

ಹಾರೆ ಎದ್ದು ಬಿತ್ತು. ಆ ಸದ್ದಿಗೆ ವಿಶ್ವನಾಥ್ ಗಕ್ಕನೆ ನಿಂತರು. ಅಮ್ಮನ ಸಮಾಧಿಯ ಕಡೆ ನೋಡುವ ಧೈರ್ಯ ಶಿಲ್ಪಶ್ರೀಗೆ ಬರಲಿಲ್ಲ. ಬಗ್ಗಿ, ಸಿಡಿದು ಬಿದ್ದ ಕಲ್ಲಿನ ಚೂರನ್ನು ಎತ್ತಿಕೊಂಡಳು. ಒದ್ದೆ ಸೆರಗಿನಲ್ಲಿ ಅದನ್ನು ಒರೆಸಿ, ಬಿಸಿಲಿಗೆ ಹಿಡಿದು ನೋಡಿ, ಅವರ ಅಂಗೈಗೆ ಇಟ್ಟಳು.