ಸ್ವೆಟರಿನ ಬಣ್ಣ

ಕಂಪ್ಯೂಟರಿನಲ್ಲಿ ಫೋಟೋದ ಮೋಡ್ ಬದಲಾಯಿಸಿದರೂ ಹೆಂಡತಿ ಬೂದು ಬಣ್ಣದಲ್ಲೇ ನಗುತ್ತಿದ್ದಳು. ಅವನು ಇನ್ನೊಮ್ಮೆ ಮೆನು ತೆರೆದು ನೋಡಿದ. ಕಪ್ಪು ಬಿಳುಪಿನ ಗ್ರೇಸ್ಕೇಲ್ ಪಕ್ಕದಲ್ಲಿದ್ದ ಗುರುತು ಬಣ್ಣದ ಆರ್‌ಜಿಬಿಗೆ ಬಂದಿತ್ತು, ಬಣ್ಣ ಮಾತ್ರ ಬಂದಿರಲಿಲ್ಲ.

ಬರುವುದಿಲ್ಲವೆಂದು ಅವನಿಗೆ ಗೊತ್ತಿರಲಿಲ್ಲವೇ? ತನ್ನ ಡಿಟಿಪಿ ಅಂಗಡಿಗೆ ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದ. ಗ್ರೇಸ್ಕೇಲ್ ಮಾಡಿ ಸೇವ್ ಮಾಡಿದರೆ ಬಣ್ಣ ಹೋಯಿತೆಂದೇ ಲೆಕ್ಕ. ಆಮೇಲೆ ಆರ್‌ಜಿಬಿಗೆ ತಂದರೆ ಹೊಸ ಬಣ್ಣ ಹಚ್ಚಬಹುದೇ ಹೊರತು ಹೋದದ್ದು ವಾಪಸ್ಸು ಬರುವುದಿಲ್ಲ. ಮೊದಲು ಒಂದು ಕಾಪಿ ಮಾಡಿಟ್ಟುಕೊಳ್ಳಿ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಅವಳು ತೀರಿಕೊಂಡ ದಿನ ಪತ್ರಿಕೆಯವರು ಕಪ್ಪು ಬಿಳುಪು ಫೋಟೋ ಕೇಳಿದ್ದರು. ಕೈ ತನ್ನ ಪಾಡಿಗೆ ಕೆಲಸ ಮುಗಿಸಿ, ಮೂಲ ಫೋಟೋದ ಮೇಲೆಯೇ ಸೇವ್ ಒತ್ತಿಬಿಟ್ಟಿತ್ತು. ಅವಳು ಬಾಯ್ತುಂಬ ನಕ್ಕಿದ್ದ ಫೋಟೋ ಅಂತ ಇದ್ದದ್ದು ಅದೊಂದೇ.

ಪರವೂರಿನಲ್ಲಿದ್ದ ಅವಳ ತಂಗಿ ಅದನ್ನು ಪತ್ರಿಕೆಯಲ್ಲಿ ನೋಡಿದ್ದಳು. ಗೋಡೆಗೆ ಹಾಕಲು ಬಣ್ಣದ್ದು ಬೇಕೆಂದು ಈಗ ಕೇಳಿದ್ದಳು. ಅವನು ಮೊದಲು ಮುಖಕ್ಕೆ ಬಣ್ಣ ಹಚ್ಚಿದ. ಆ ಮೈಬಣ್ಣ ಕಣ್ಣು ಮುಚ್ಚಿದರೂ ಕಾಣುತ್ತಿತ್ತು. ಮೈಮೇಲಿದ್ದ ಸ್ವೆಟರಿಗೆ ಬಂದಾಗ ಕೈ ನಿಂತಿತು. ಅವಳೇ ಹೆಣೆದುಕೊಂಡ ಸ್ವೆಟರ್. ಹೆಣೆದ ಚಳಿಗಾಲವೆಲ್ಲ ಅದು ಅವನ ಕಣ್ಣೆದುರೇ ಓಡಾಡಿ, ಕೊನೆಗೆ ಆಸ್ಪತ್ರೆಯಲ್ಲೆಲ್ಲೋ ಉಳಿದುಹೋಗಿತ್ತು. ತಿಪ್ಪರಲಾಗ ಹಾಕಿದರೂ ಅದರ ಬಣ್ಣ ನೆನಪಾಗಲಿಲ್ಲ. ಗಿರಾಕಿಯ ಕಾರ್ಡಿನಲ್ಲಿ ನೀಲಿ ಕೊಂಚ ಮಂಕಾದರೂ ಮಾರು ದೂರದಿಂದ ಗುರುತು ಹಿಡಿಯುವವನು ಅವನು. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು.

ಬೇರೆ ದಾರಿ ಕಾಣದೆ ಅವಳ ತಂಗಿಗೇ ಫೋನ್ ಮಾಡಿದ. ಪತ್ರಿಕೆಯ ಕಪ್ಪು ಬಿಳುಪು ಫೋಟೋದಲ್ಲಿ ಬಿಟ್ಟರೆ ಆಕೆ ಆ ಸ್ವೆಟರನ್ನು ಕಂಡೇ ಇರಲಿಲ್ಲ.

"ನಿಮಗೇ ಗೊತ್ತಿರ್ಬೇಕಲ್ಲ ಭಾವ," ಎಂದಳು. "ಹೆಣೆಯೋಕೆ ಮುಂಚೆ ಅಕ್ಕ ಉಲ್ಲನ್ ಉಂಡೆಗಳನ್ನ ನಿಮ್ಮ ಅಂಗಡಿಗೇ ತಂದಿದ್ಲಂತೆ, ಯಾವ ಬಣ್ಣ ಒಪ್ಪತ್ತೆ ಅಂತ ಕೇಳೋಕೆ."

"ನಾನೇನಂದೆ?"

"ಯಾವುದಾದ್ರೂ ಆಗತ್ತೆ ಅಂದ್ರಂತೆ. ಕಂಪ್ಯೂಟರಿಂದ ತಲೆ ಎತ್ತದೇನೇ. ಅದನ್ನ ಹೇಳ್ಕೊಂಡು ಅಕ್ಕ ನಗ್ತಿದ್ಲು."

ಫೋನ್ ಇಟ್ಟು ಅವನು ಮತ್ತೆ ಫೋಟೋದತ್ತ ತಿರುಗಿದ. ಸ್ವೆಟರಿಗೆ ಒಂದೊಂದೇ ಬಣ್ಣ ಹಾಕಿ ನೋಡತೊಡಗಿದ. ಎಲೆಹಸಿರು ಹಾಕಿದ; ಅವಳಿಗೆ ಒಪ್ಪಿತು. ಇಟ್ಟಿಗೆ ಕೆಂಪು ಹಾಕಿದ, ಅದೂ ಒಪ್ಪಿತು. ಹಳದಿ ಅವಳಿಗೆ ಆಗಿಬರುವುದಿಲ್ಲ ಅಂದುಕೊಂಡು ಹಾಕಿದ. ಹಳದಿಯಲ್ಲೂ ಅವಳು ಚೆನ್ನಾಗಿಯೇ ಕಂಡಳು.